ಮದುವೆಯಾದವಳಿಗೆ ದೀಪ

ಡೋರ್ಡ್ರೆಕ್ಟ್ ಊರಿನ ಬ್ಲೊಕ್‌ಪೂಲ್ ದೀಪದ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಅಲ್ಲಿ ಕೆಲಸ ಮಾಡುವ ಹುಡುಗಿಗೆ ಮದುವೆಯಾದರೆ, ಶುಕ್ರವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ಯಜಮಾನರೇ ಕೈಯಾರೆ ಅವಳಿಗೆ ಒಂದು ಮೇಜಿನ ದೀಪ ಕೊಡುತ್ತಿದ್ದರು. ಜೊತೆಯವರು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಸೋಮವಾರದಿಂದ ಅವಳು ಕೆಲಸಕ್ಕೆ ಬರುವಂತಿರಲಿಲ್ಲ. ಸಾಕುವ ಗಂಡನಿರುವಾಗ ಹೆಂಗಸಿಗೆ ಕೆಲಸವೇಕೆ ಎಂದು ಆಗ ಎಲ್ಲರೂ ಕೇಳುತ್ತಿದ್ದರು, ಹೆಂಗಸರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ‘ಅವಳಿಗೆ ದೀಪ ಸಿಕ್ತಂತೆ’ ಎಂದು ಹುಡುಗಿಯರು ಪಿಸುಗುಟ್ಟಿದರೆ ಕೆಲಸ ಹೋಯಿತು ಎಂದೇ ತಿಳಿಯಬೇಕು. ಇಷ್ಟು ನಯವಾಗಿ ಹೊರಗೆ ಹಾಕುವ ವಿದ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾವಿರದ ಒಂಬೈನೂರ ಐವತ್ತಾರರ ಚಳಿಗಾಲದ ಹೊತ್ತಿಗೆ ಡಿಂಫಿ ರೈಕನ್‌ಗೆ ಮದುವೆಯಾಗಿ ಎರಡು ವರ್ಷ ದಾಟಿತ್ತು. ಅವಳಿಗೆ ಇನ್ನೂ ದೀಪ ಸಿಕ್ಕಿರಲಿಲ್ಲ.

ಅವಳೇನೂ ಸುಳ್ಳು ಹೇಳಿರಲಿಲ್ಲ. ಅವಳು ಕ್ಯಾಥೊಲಿಕ್ ಮನೆಯ ಹುಡುಗಿ. ಕಾರ್ಖಾನೆಯವರು, ಯಜಮಾನರಿಂದ ಹಿಡಿದು ಕಸ ಗುಡಿಸುವವನವರೆಗೆ, ಬಹುತೇಕ ಪ್ರಾಟೆಸ್ಟಂಟರು. ಅವರಲ್ಲಿ ನಿಶ್ಚಯವಾದಾಗ ಉಂಗುರವನ್ನು ಎಡಗೈಗೆ ಹಾಕಿಕೊಂಡು, ಮದುವೆಯ ದಿನ ಬಲಗೈಗೆ ಬದಲಿಸುತ್ತಾರೆ. ಡಿಂಫಿಯ ಕಡೆಯವರದು ಇದಕ್ಕೆ ತದ್ವಿರುದ್ಧ: ನಿಶ್ಚಯಕ್ಕೆ ಬಲಗೈ, ಮದುವೆಗೆ ಎಡಗೈ. ಆ ಕಾಲದಲ್ಲಿ ಒಂದೇ ಬೀದಿಯಲ್ಲಿದ್ದರೂ ಇವರ ಬೇಕರಿ ಬೇರೆ, ಅವರ ಬೇಕರಿ ಬೇರೆ, ಆಟದ ಸಂಘವೂ ಬೇರೆ. ಒಬ್ಬರ ಪದ್ಧತಿ ಇನ್ನೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ? ಬ್ರೆಡಾ ಊರಿನ ಚರ್ಚಿನಲ್ಲಿ ಸದ್ದಿಲ್ಲದೆ ನೋಲ್‌ನನ್ನು ಮದುವೆಯಾಗಿ ಡಿಂಫಿ ಎಡಗೈಯಲ್ಲಿ ಉಂಗುರ ಹೊತ್ತುಕೊಂಡು ಬಂದ ಸೋಮವಾರ, ಜೊತೆಯ ಹುಡುಗಿಯರೆಲ್ಲ ನಿಶ್ಚಯವಾಯಿತೆಂದು ಸಂಭ್ರಮಿಸಿದರು. ಮದುವೆ ಯಾವಾಗ ಎಂದು ಕೇಳಿದವರಿಗೆ ಅವಳು, ಮನೆಯೇ ಸಿಕ್ಕಿಲ್ಲವಲ್ಲ, ಎಂದಳು. ಅದು ಸತ್ಯವೇ. ಯುದ್ಧ ಮುಗಿದು ಅಷ್ಟು ವರ್ಷವಾದರೂ ಮನೆಗಳಿಗೆ ಬರ. ಮದುವೆಯಾದವರಿಗೇ ಮೊದಲು ಮನೆ ಕೊಡುವ ಪುರಸಭೆಯ ಸರದಿಯಲ್ಲಿ ಹೆಸರು ಮೇಲೆ ಬರಲಿ ಎಂದೇ ಅವರು ಅವಸರದಲ್ಲಿ ಮದುವೆಯಾಗಿ, ರೈಲು ಹಳಿಯ ಆಚೆ ನೋಲ್‌ನ ತಾಯಿಯ ಮನೆಯ ಅಟ್ಟದ ಕೋಣೆಯಲ್ಲಿ ದಿನ ದೂಡುತ್ತಿದ್ದರು.

ಕೆಲಸ ಹೋದರೆ ಇಡೀ ದಿನ ಆ ಮನೆಯಲ್ಲಿ ಅತ್ತೆಯ ಎದುರು ಕೂರಬೇಕು. ಅತ್ತೆ ಕೆಟ್ಟವಳಲ್ಲ, ಆದರೆ ಆಲೂಗಡ್ಡೆ ಸಿಪ್ಪೆ ದಪ್ಪವಾಯಿತು ಎಂಬುದರಿಂದ ಹಿಡಿದು ಮಗು ಯಾಕಾಗಿಲ್ಲ ಎಂಬುದರವರೆಗೆ ಅವಳ ಬಾಯಿಗೆ ಬಿಡುವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಡಿಂಫಿಗೆ ತನ್ನ ಕೆಲಸದ ಮೇಲೆ ಜೀವ. ಅವಳದು ಪರೀಕ್ಷೆಯ ಮೇಜು. ಜೋಡಿಸಿ ಮುಗಿದ ದೀಪ ಅವಳ ಮುಂದೆ ಬರುತ್ತದೆ. ಅವಳು ಬಲ್ಬು ತಿರುಗಿಸಿ, ಗುಂಡಿ ಒತ್ತಿ, ಬೆಳಕು ಸರಿಯಾಗಿ ಬಿದ್ದರೆ ಅಡಿಯಲ್ಲಿ ಸೀಮೆಸುಣ್ಣದ ಗೀಟು ಎಳೆದು ಮುಂದೆ ಕಳಿಸುತ್ತಾಳೆ. ಆ ಕಾರ್ಖಾನೆಯ ಒಂದೊಂದು ದೀಪವೂ ಮೊದಲು ಬೆಳಗಿದ್ದು ಅವಳ ಮುಖದ ಮೇಲೆ. ಇದನ್ನು ಅವಳು ಯಾರ ಬಳಿಯೂ ಹೇಳಿಕೊಂಡವಳಲ್ಲ, ಆದರೆ ಬೆಳಿಗ್ಗೆ ಮಂಜಿನಲ್ಲಿ ಸೈಕಲ್ ತುಳಿಯುವಾಗ ಅವಳಿಗೆ ಅದೇ ಖುಷಿ.

ಆ ವರ್ಷದ ಹೊಸ ದೀಪಕ್ಕೆ ಕೆಲಸಗಾರರು ಕೊಕ್ಕರೆ ಎಂದು ಹೆಸರಿಟ್ಟಿದ್ದರು. ದುಂಡನೆಯ ಭಾರದ ಪಾದ, ಅದರ ಅಂಚಿನಿಂದ ಮೇಲೆದ್ದು ಬಾಗಿದ ಸಣ್ಣ ಕುತ್ತಿಗೆ, ತುದಿಯಲ್ಲಿ ಮೊಟ್ಟೆಯ ಅರ್ಧ ಚಿಪ್ಪಿನಂಥ ಬಿಳಿಯ ತಗಡಿನ ಮುಚ್ಚಳ. ಇಂದು ಅದನ್ನು ಸಂಗ್ರಹಕಾರರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದೊಂದು ಬಾಕಿ. ಮುಚ್ಚಳವನ್ನು ಯಾವ ಕಡೆಗಾದರೂ ತಿರುಗಿಸಬಹುದು. ಆದರೆ ಪಾದದ ಮೇಲಿನ ಕೆಂಪು ಗುಂಡಿ ಮಾತ್ರ ಯಾವಾಗಲೂ ಕುತ್ತಿಗೆಯ ಬಲಕ್ಕೇ. ಬೆಲೆಪಟ್ಟಿಯ ಪುಸ್ತಕಕ್ಕೆ ಅದರ ಫೋಟೋ ತೆಗೆಯಲು ಬಂದವನು, ಬರೀ ದೀಪ ಒಣಒಣವಾಗಿ ಕಾಣುತ್ತದೆ, ಮುಚ್ಚಳ ತಿರುಗಿಸುವ ಒಂದು ಕೈಯೂ ಇರಲಿ ಎಂದ. ಉಗುರು ಚೊಕ್ಕಟವಾಗಿದ್ದವಳು ಡಿಂಫಿ. ಅವಳು ಉಂಗುರ ತೆಗೆಯಹೊರಟಾಗ ಅವನೇ ತಡೆದ. ನಿಶ್ಚಯವಾದ ಹುಡುಗಿಯ ಕೈ ಕಂಡರೆ ಹೊಸ ಸಂಸಾರ ಹೂಡುವವರು ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಬೇಡವೆಂದು ಹಟ ಹಿಡಿದರೆ ಅನುಮಾನ ಬರುತ್ತದೆಂದು ಅವಳು ಸುಮ್ಮನೆ ಎಡಗೈ ಚಾಚಿದಳು.

ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ, ಮೇಲ್ವಿಚಾರಕಿ ಮಿಸ್ ಕ್ವಿಸ್ಟ್ ಪರೀಕ್ಷೆಯ ಮೇಜಿನ ಬಳಿ ಬಂದು ನಿಂತಳು. ಬೂದು ಉಣ್ಣೆಯ ಉಡುಪಿನ, ನಗುವನ್ನೂ ಮಿತವಾಗಿ ಬಳಸುವ ಹೆಂಗಸು. ಯಜಮಾನರು ಕರೆಯುತ್ತಿದ್ದಾರೆ ಎಂದಳು, ಅಷ್ಟೇ. ಡಿಂಫಿ ಉಂಗುರದ ಕೈಯನ್ನು ಜೇಬಿಗೆ ತುರುಕಿಕೊಂಡು ಮೆಟ್ಟಿಲು ಹತ್ತಿದಳು.

ಯಜಮಾನ ಬ್ಲೊಕ್‌ಪೂಲ್ ಅವರ ಮೇಜಿನ ಮೇಲೆ ಬೆಲೆಪಟ್ಟಿಯ ಅಚ್ಚಿನ ಮಾದರಿ ಹಾಳೆ ಬಿಚ್ಚಿಟ್ಟಿತ್ತು. ಅವರ ಒಪ್ಪಿಗೆಗೆ ಕಾಯುತ್ತ ಬ್ರೆಡಾದ ಮುದ್ರಕ ಫಾನ್ ಗಾಸ್ಟಲ್ ಕಾಫಿ ಕುಡಿಯುತ್ತಿದ್ದ. ದುಂಡು ಮುಖದ, ಮಾತುಗಾರ ಮನುಷ್ಯ. ಮಿಸ್ ಕ್ವಿಸ್ಟ್ ಬಿಸ್ಕತ್ತಿನ ಡಬ್ಬಿ ತೆರೆದು ಅವನ ಮುಂದೆ ಹಿಡಿದಳು. ಅವನು ಒಂದನ್ನು ತೆಗೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅವಳು ಡಬ್ಬಿಯ ಮುಚ್ಚಳ ಹಾಕಿಯಾಗಿತ್ತು. ಬೇರೆ ದಿನವಾಗಿದ್ದರೆ ಡಿಂಫಿಗೆ ನಗು ತಡೆಯುತ್ತಿರಲಿಲ್ಲ.

ಮಿಸ್ ಕ್ವಿಸ್ಟ್ ಹಾಳೆಯ ಮೇಲೆ ಬೆರಳಿಟ್ಟಳು. ಕೊಕ್ಕರೆ ದೀಪ, ಅದರ ಮುಚ್ಚಳವನ್ನು ಮುಟ್ಟಿದ ಕೈ. ಬಲಗೈ. ಬೆರಳಲ್ಲಿ ಉಂಗುರ.

“ಇದು ನಿನ್ನ ಕೈ ತಾನೆ?”

ಹೌದೆಂದಳು ಡಿಂಫಿ. ಬಲಗೈಯಲ್ಲಿ ಉಂಗುರ ಇರುವವಳು ಮದುವೆಯಾದವಳು, ಕಾರ್ಖಾನೆಗೆ ಬರುವಾಗ ಮಾತ್ರ ಎಡಗೈಗೆ ಬದಲಿಸುತ್ತೀಯೋ ಹೇಗೆ, ಎಂದು ಮಿಸ್ ಕ್ವಿಸ್ಟ್ ಧ್ವನಿ ಏರಿಸದೆಯೇ ಕೇಳಿದಳು. ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಅವರಿಗೆ ಹೆಂಗಸರ ವಿಚಾರ ಎಂದರೆ ಹಲ್ಲುನೋವಿನಷ್ಟೇ ಬೇಸರ.

ಡಿಂಫಿ ಬಲಗೈಯನ್ನು ಚಾಚಿಯೇ ಇರಲಿಲ್ಲ. ಇದು ಹೇಗಾಯಿತು? ಚಿತ್ರವನ್ನೇ ದಿಟ್ಟಿಸಿದಳು. ಆಗ ಕಣ್ಣಿಗೆ ಬಿತ್ತು ಗುಂಡಿ. ಕುತ್ತಿಗೆಯ ಬಲಕ್ಕಿರಬೇಕಾದ ಗುಂಡಿ ಎಡಕ್ಕಿತ್ತು. ದಿನವೂ ಒತ್ತುವ ಗುಂಡಿ ಅದು, ಕನಸಿನಲ್ಲಿ ಕೇಳಿದರೂ ಅವಳು ಜಾಗ ಹೇಳಿಯಾಳು. ಅಷ್ಟರಲ್ಲೇ ಅವಳ ಎದೆ ಹಗುರಾಯಿತು. ಕಿಟಕಿಯಲ್ಲಿ ಅಲಂಕಾರಕ್ಕಿಟ್ಟಿದ್ದ ಕೊಕ್ಕರೆ ದೀಪವನ್ನು ಎತ್ತಿ ತಂದು ಹಾಳೆಯ ಪಕ್ಕದಲ್ಲಿಟ್ಟು, ಬಗ್ಗಿ, ಗುಂಡಿಯ ಮೇಲೆ ಬೆರಳಿಟ್ಟು ತೋರಿಸಿದಳು. “ಚಿತ್ರಾನೇ ತಿರುಗಾಮುರುಗಾ ಆಗಿದೆ. ಕೈನೂ ಹಾಗೇ. ಅದು ನನ್ನ ಎಡಗೈ.”

ಫಾನ್ ಗಾಸ್ಟಲ್ ಕಾಫಿಯ ಕಪ್ಪನ್ನು ಕೆಳಗಿಟ್ಟು ಎದ್ದು ಬಂದು ನೋಡಿ ಹಣೆ ಚಚ್ಚಿಕೊಂಡ. ತಪ್ಪು ಅವನದೇ ಎಂದು ಒಪ್ಪಿಕೊಂಡ. ದೀಪ ಅಕ್ಷರಗಳ ಕಡೆಗೆ ಮುಖ ಮಾಡಿದ್ದರೆ ಚೆಂದವೆಂದು ಅವನ ಹುಡುಗರು ಚಿತ್ರವನ್ನು ಮಗುಚಿ ಹಾಕಿದ್ದರು. ಯಜಮಾನರು ಬಿಡುಗಡೆಯಾದವರಂತೆ ನಕ್ಕರು. ಮಿಸ್ ಕ್ವಿಸ್ಟ್ ಕೂಡ, ನನ್ನ ಎಣಿಕೆ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಎಂದಳು. ಅವಳ ಬಾಯಿಂದ ಅಂಥ ಮಾತು ಬರುವುದೇ ಅಪರೂಪ. ಡಿಂಫಿ ಬಾಗಿಲ ಕಡೆ ತಿರುಗಿದಳು.

ಆದರೆ ಅವಳು ಬಗ್ಗಿದ್ದಾಗ, ಅಂಗಿಯೊಳಗೆ ಸದಾ ಮುಚ್ಚಿರುತ್ತಿದ್ದ ಸರದ ಪುಟ್ಟ ಶಿಲುಬೆ, ಅಲ್ಲಿ ಕ್ಯಾಥೊಲಿಕರಷ್ಟೇ ಹಾಕುವಂಥದ್ದು, ಹೊರಗೆ ಜಾರಿತ್ತು. ತಾನೂ ಕ್ಯಾಥೊಲಿಕನಾದ ಫಾನ್ ಗಾಸ್ಟಲ್‌ನ ಕಣ್ಣು ಅದರ ಮೇಲೆ ಬಿದ್ದು, ಅಲ್ಲಿಂದ ಅವಳ ಎಡಗೈಗೆ ಇಳಿದು, ಮುಖ ಅರಳಿತು. ಪರರ ಊರಲ್ಲಿ ತಮ್ಮವರು ಸಿಕ್ಕಾಗ ಅರಳುತ್ತದಲ್ಲ, ಹಾಗೆ. ಡಿಂಫಿ ಅವನನ್ನೇ ನೋಡಿದಳು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಆ ಪುಣ್ಯಾತ್ಮ ಅದನ್ನು ನಾಚಿಕೆ ಎಂದುಕೊಂಡ.

“ಓ, ನೀನು ನಮ್ಮವಳೇನಮ್ಮಾ! ಎಡಗೈ ಅಂದಾಗಲೇ ಅಂದ್ಕೊಂಡೆ. ಒಳ್ಳೇದಾಗ್ಲಿ, ನಿಂಗೂ ನಿನ್ನ ಗಂಡಂಗೂ.” ಆಮೇಲೆ ಯಜಮಾನರತ್ತ ತಿರುಗಿ ಮನಸಾರೆ ಹೊಗಳಿದ. “ನಿಮ್ಮನ್ನ ಮೆಚ್ಚಬೇಕು ಸ್ವಾಮಿ. ನಮ್ಮ ಕಡೆ ಕಾರ್ಖಾನೆಯೋರು ಮದುವೆಯಾದ ಹೆಣ್ಣುಮಕ್ಕಳನ್ನ ಒಂದು ದಿನಾನೂ ಇಟ್ಕೊಳಲ್ಲ. ನೀವು ಇಟ್ಕೊಂಡಿದೀರಲ್ಲ, ದೊಡ್ಡ ಮನಸ್ಸು.”

ಯಜಮಾನರ ನಗು ಮಾಯವಾಯಿತು. ಫಾನ್ ಗಾಸ್ಟಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ತಾನೇನು ಮಾಡಿದೆನೆಂದು ಅವನಿಗೆ ನಿಧಾನವಾಗಿ ತಿಳಿಯುತ್ತ ಬಂತು, ದುಂಡು ಮುಖ ಕೆಂಪಾಯಿತು. ನಮ್ಮಲ್ಲೂ ಊರಿಂದೂರಿಗೆ ಬೇರೆ ಬೇರೆ ಪದ್ಧತಿ ಇರುತ್ತದೆ, ನಾನೇ ತಪ್ಪು ತಿಳಿದಿರಬಹುದು, ಎಂದು ತೊದಲಿದ.

ಯಜಮಾನರು ಡಿಂಫಿಯನ್ನು ಕೇಳಿದರು. “ಹೌದೇನಮ್ಮ?”

ಎರಡು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ಇಲ್ಲವೆಂದರೆ ಅವಳು ಉಳಿಯುತ್ತಿದ್ದಳೋ ಏನೋ, ಮುದ್ರಕ ದಾರಿ ಮಾಡಿಯೇ ಕೊಟ್ಟಿದ್ದ. ಆದರೆ ಅಟ್ಟದ ಕೋಣೆಯಲ್ಲಿ ತಣ್ಣನೆಯ ಹಾಸಿಗೆಯನ್ನು ಮೊದಲು ತಾನೇ ಮಲಗಿ ಬೆಚ್ಚಗೆ ಮಾಡಿ ಕೊಡುವ ನೋಲ್ ಅವಳ ಕಣ್ಣ ಮುಂದೆ ಬಂದ. ಅವನನ್ನು ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

“ಹೌದು” ಎಂದಳು.

ಇಷ್ಟು ದಿನ ತಮ್ಮನ್ನು ಮೂರ್ಖರನ್ನಾಗಿ ಮಾಡಿದಳೆಂದು ಯಜಮಾನರಿಗೆ ಸಿಟ್ಟು ಬಂತು. ಇವತ್ತೇ ಹೋಗಲಿ, ದೀಪವೂ ಬೇಡ ಏನೂ ಬೇಡ ಎಂದರು. ಆಗ ಮಿಸ್ ಕ್ವಿಸ್ಟ್ ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನೊಳಗೆ ಇಡುತ್ತ, ತಿರುಗಿಯೂ ನೋಡದೆ, “ಮದುವೆಯಾದವಳಿಗೆ ದೀಪ ಅಂತ ನಿಯಮ ಇದೆ. ಯಾವಾಗ ಆದ್ಲು ಅಂತ ನಿಯಮದಲ್ಲಿಲ್ಲ” ಎಂದಳು. ಮೂವತ್ತು ವರ್ಷದಿಂದ ಮದುವೆಯಾಗದೆ ಅಲ್ಲೇ ದುಡಿದವಳು ಅವಳು. ಅವಳಿಗೆ ಯಾರೂ ಯಾವ ದೀಪವನ್ನೂ ಕೊಟ್ಟಿರಲಿಲ್ಲ.

ಶುಕ್ರವಾರದವರೆಗೂ ಡಿಂಫಿ ತನ್ನ ಮೇಜಿನ ಮುಂದೆ ಕೂತಳು. ಆ ಶುಕ್ರವಾರ ಬೆಳಿಗ್ಗೆ ಕೊನೆಯ ಸಾಲಿನಲ್ಲಿ ಬಂದ ಒಂದು ಕೊಕ್ಕರೆಯ ಕುತ್ತಿಗೆಗೆ ಬಿಳಿ ದಾರ ಕಟ್ಟಿತ್ತು. ಉಡುಗೊರೆಯ ದೀಪಕ್ಕೆ ಹಾಗೆ ಕಟ್ಟುವುದು ರೂಢಿ. ತನ್ನನ್ನು ಮನೆಗೆ ಕಳಿಸುವ ದೀಪವನ್ನು ತಾನೇ ಪರೀಕ್ಷಿಸಬೇಕಾಗಿ ಬಂದವಳು ಅವಳೊಬ್ಬಳೇ ಇರಬೇಕು. ಹತ್ತದಿದ್ದರೆ ಸಾಕಿತ್ತು, ಪಕ್ಕಕ್ಕೆ ಎತ್ತಿಡಬಹುದಿತ್ತು ಎಂದು ಹುಚ್ಚು ಆಸೆ. ಬಲ್ಬು ತಿರುಗಿಸಿ ಗುಂಡಿ ಒತ್ತಿದಳು. ಚೆನ್ನಾಗಿಯೇ ಹತ್ತಿತು. ಬೆಳಕು ಮುಖದ ಮೇಲೆ ಬಿದ್ದಾಗ ಅಳು ಒತ್ತರಿಸಿಕೊಂಡು ಬಂದು, ಅಳುತ್ತಲೇ ಅಡಿಯಲ್ಲಿ ಗೀಟು ಎಳೆದಳು.

ಅತ್ತೆ ಆ ದೀಪ ನೋಡಿ, ಒಂದು ಹೂವಿನ ಅಂಚಾದರೂ ಇರಬಾರದಿತ್ತೇ, ದಂತವೈದ್ಯರ ಹತ್ತಿರ ಇರುವಂಥದ್ದು, ಎಂದಳು. ಕೆಲವು ದಿನಕ್ಕೆ ಫಾನ್ ಗಾಸ್ಟಲ್‌ನಿಂದ ಒಂದು ಡಬ್ಬಿ ಬಿಸ್ಕತ್ತೂ ಹೊಸ ಬೆಲೆಪಟ್ಟಿಯೂ ಅಂಚೆಯಲ್ಲಿ ಬಂದವು. ಬಿಸ್ಕತ್ತು ಅತ್ತೆ ತಿಂದಳು. ಬೆಲೆಪಟ್ಟಿಯನ್ನು ಡಿಂಫಿ ಒಮ್ಮೆ ನೋಡಿ ಒಲೆಗೆ ಹಾಕಿದಳು.

ಮುಂದೆ ಮನೆ ಸಿಕ್ಕಿತು, ಮಕ್ಕಳಾದರು, ನೋಲ್ ಮುದುಕನಾಗಿ ತೀರಿಕೊಂಡ. ಪರದೆ ಸರಿಸಿದ ಕಿಟಕಿಯಲ್ಲಿ ಕೊಕ್ಕರೆ ನಿಂತೇ ಇತ್ತು. ದಾರಿಯಲ್ಲಿ ಹೋಗುತ್ತ ಅದನ್ನು ಕಂಡ ಒಬ್ಬ ಸಂಗ್ರಹಕಾರ ಗಂಟೆ ಒತ್ತಿ ಒಳಗೆ ಬಂದು, ಕೊಡುತ್ತೀರಾ ಎಂದು ಕೇಳಿದ. ಅವಳು ಕೊಡುವುದಿಲ್ಲ ಎಂದಳು. ಅವನು ಬೇಜಾರು ಮಾಡಿಕೊಳ್ಳದೆ ಪ್ಲಾಸ್ಟಿಕ್ ಹೊದಿಸಿದ ಹಳೆಯ ಬೆಲೆಪಟ್ಟಿಯ ಹಾಳೆಯೊಂದನ್ನು ಚೀಲದಿಂದ ತೆಗೆದ. ಕಾರ್ಖಾನೆ ಮುಚ್ಚುವವರೆಗೂ ಅದೇ ಚಿತ್ರ ಅಚ್ಚಾಗುತ್ತಿತ್ತಂತೆ. ಗುಂಡಿ ಸರಿಯಾದ ಕಡೆಗಿತ್ತು. ಕೈ ಎಡಗೈಯೇ. ಬೆರಳು ಬರಿದಾಗಿತ್ತು.

“ಯಾರ ಕೈಯೋ ಏನೋ. ಎಷ್ಟು ಚೆಂದ ಇದೆ ನೋಡಿ ಅಜ್ಜಿ. ಮದುವೆಯಾಗದ ಹುಡುಗೀದು” ಎಂದ ಅವನು.

ಡಿಂಫಿ ಕಿಟಕಿಯ ಹತ್ತಿರ ಹೋಗಿ ದೀಪ ಹಚ್ಚಿ, ಮುಚ್ಚಳವನ್ನು ಅವನ ಕಡೆಗೆ ತಿರುಗಿಸಿದಳು. ಗಂಟುಗಟ್ಟಿದ ಬೆರಳಿನಲ್ಲಿ ಉಂಗುರ ಈಗ ಕೀಳಲೂ ಬಾರದಷ್ಟು ಬಿಗಿಯಾಗಿತ್ತು.

“ಆಗಿತ್ತಪ್ಪಾ ಮದುವೆ. ಕೈ ಕಾರ್ಖಾನೆಯೋರಿಗೆ ಬೇಕಾಗಿತ್ತು, ಅದಕ್ಕೇ ಚಿತ್ರದಲ್ಲಿ ಉಂಗುರಾನ ಒರೆಸಿಬಿಟ್ರು” ಎಂದಳು.