ಕ್ಲಚ್ ಅಕ್ಕನ ಕಾರುಬಾರು

ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಮಾಲೀಕರದು, ಕಾರುಬಾರು ಕ್ಲಚ್ ಅಕ್ಕನದು. ಹನ್ನೊಂದು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು" ಎನ್ನುತ್ತಲೇ ಬಂದವರಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಮೊದಲು ಅಲ್ಲಿಯೇ ರಸೀದಿ ಬರೆಯುತ್ತಿದ್ದರಂತೆ. ಕಲಿಸುವವರು ರಜೆ ಹಾಕಿದ ಒಂದು ದಿನ ಆ ಸೀಟಿಗೆ ಹತ್ತಿದವರು ಮತ್ತೆ ಇಳಿಯಲಿಲ್ಲ.

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಅವರ ಪಾಲಿಗೆ ಬಂದೆ. ಅದಕ್ಕೂ ಮೊದಲು ಕಲಿಸಲು ಹೊರಟ ಬೇರೆ ಇಬ್ಬರು ನನ್ನ ಮೇಲಿನ ಆಸೆ ಬಿಟ್ಟಿದ್ದರು. ನನಗೆ ಅಲ್ಲಿಯವರೆಗೆ ಗೊತ್ತಿದ್ದ ಗೇರು ಎಂದರೆ ಗೇರುಬೀಜ ಒಂದೇ.

ಒಂದು ಸೋಮವಾರ ಬೆಳಗ್ಗೆ ನನ್ನ ಪಾಠದ ನಡುವೆ ಸ್ಟಿಯರಿಂಗ್ ಹಿಂದೆ ಸ್ಪ್ಯಾನರ್ ಚಿತ್ರದ ಹಳದಿ ದೀಪ ಹತ್ತಿತು. ಹದಿನೈದು ಸಾವಿರ ಕಿಲೋಮೀಟರಿಗೆ ಸರ್ವಿಸ್ ಎಂದು ಕಾರಿನ ಪುಸ್ತಕದಲ್ಲಿದೆ. ಆರು ತಿಂಗಳ ಕೂಸು ಅದು, ಓಡಿದ್ದು ಬರೀ ಏಳು ಸಾವಿರ. ಮಾಲೀಕರು ಕಾರು ನೋಡಿ ಕೋಪ ಕಾರಿದರು. ಅಕ್ಕ ಕಲಿಯುವವರನ್ನು ಬಿಗಿ ಹಿಡಿಯುವುದಿಲ್ಲ, ಗಾಡಿ ಹಾಳಾಗಿದೆ, ನಾಳೆಯಿಂದ ಅಕ್ಕ ಮತ್ತೆ ರಸೀದಿ ಬರೆಯಲಿ, ಕಲಿಸುವುದಕ್ಕೆ ತಮ್ಮ ಭಾವಮೈದುನ ಬರುತ್ತಾನೆ ಎಂದು ತೀರ್ಪಿತ್ತರು. ಕಾರಿಗೆ ಸರ್ವಿಸ್ ಬೇಕೆಂದು ದೀಪ ಹತ್ತಿದರೆ, ಆರುವಂತಾದದ್ದು ಅಕ್ಕನ ಸರ್ವಿಸ್ಸು.

ಅಕ್ಕ ವಾದಿಸಲಿಲ್ಲ. ಒಮ್ಮೆ ಮೇಸ್ತ್ರಿಗೆ ತೋರಿಸಿ ಎಂದರು, ಅಷ್ಟೇ. ಪಾಠ ಅರ್ಧಕ್ಕೇ ನಿಂತಿದ್ದರಿಂದ ಮಾಲೀಕರು, ಅಕ್ಕ ಮುಂದೆ ಕೂತರೆ ಹಿಂದಿನ ಸೀಟಿನಲ್ಲಿ ನಾನೂ ಗ್ಯಾರೇಜಿಗೆ ಹೋದೆ.

ಮೇಸ್ತ್ರಿ ಕಾರಿಗೊಂದು ವೈರು ಸಿಕ್ಕಿಸಿ ಅಂಗೈಯಗಲದ ಪರದೆ ನೋಡಿದರು. ಈ ದೀಪ ಕಿಲೋಮೀಟರನ್ನಷ್ಟೇ ನಂಬುವುದಿಲ್ಲವಂತೆ. ಹಾಗೆಂದು ಎಂಜಿನ್ನಿನ ಎಣ್ಣೆಯನ್ನು ಮುಟ್ಟಿ ನೋಡುವುದೂ ಇಲ್ಲವಂತೆ. ಎಂಜಿನ್ ಎಷ್ಟು ಸಲ ಶುರುವಾಯಿತು, ಎಷ್ಟು ಹೊತ್ತು ಓಡಿತು, ಎಷ್ಟು ಬಿಸಿಯಾಯಿತು ಎಂದೆಲ್ಲ ಕೂಡಿಸಿ, ಎಣ್ಣೆ ಇಷ್ಟು ಕೆಟ್ಟಿರಬೇಕು ಎಂದು ಊಹಿಸುತ್ತದಂತೆ. ಕುಡಿದವನ ನಡಿಗೆ ನೋಡಿಯೇ ಎಣ್ಣೆಯ ಅಳತೆ ಹೇಳುವ ಹೆಂಡತಿಯ ಹಾಗೆ.

"ಯಜಮಾನ್ರೇ, ಏಳು ಸಾವಿರ ಕಿಲೋಮೀಟರಿಗೆ ಎಂಜಿನ್ನು ಆರುನೂರು ಗಂಟೆ ಓಡಿದೆ. ಸ್ಟಾರ್ಟ್ ಆಗಿರೋದು ಒಂಬತ್ತು ಸಾವಿರ ಸಲ. ಹೋದದ್ದಕ್ಕಿಂತ ಹೊರಟಿದ್ದೇ ಜಾಸ್ತಿ."

"ಅಂದ್ರೆ ಕಲಿಸಿದೋರ ತಪ್ಪೇ ತಾನೆ?"

"ಕಲಿಯೋರು ಇನ್ನು ಹೇಗೆ ಓಡಿಸ್ತಾರೆ? ಕ್ಲಚ್ಚು ನೋಡಿದೆ, ಬ್ರೇಕು ನೋಡಿದೆ, ಹೊಸದರ ಹಾಗಿವೆ. ಇಷ್ಟು ಸಲ ಆಫ್ ಮಾಡ್ಕೊಂಡೋರ ಕೈಯಲ್ಲೂ ಗಾಡಿ ಹೀಗಿದೆ ಅಂದ್ರೆ, ಪಕ್ಕದಲ್ಲಿ ಯಾರೋ ಕಾಯ್ತಾ ಕೂತಿದ್ದಾರೆ ಅಂತ."

ಒಂಬತ್ತು ಸಾವಿರದಲ್ಲಿ ಯಾರ ಕೊಡುಗೆ ಎಷ್ಟೆಂದು ಪರದೆ ಬಿಡಿಸಿ ಹೇಳಲಿಲ್ಲ. ತಡೆಯಲಾರದೆ ನಾನೇ ಹೇಳಿದೆ: "ಒಂದು ಸಾವಿರ ನಂದೇ ಇರಬಹುದು ಸಾರ್."

ಮಾಲೀಕರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಎಣ್ಣೆ ಬದಲಾಯಿಸಲು ಹೇಳಿದರು. ಭಾವಮೈದುನನ ಸುದ್ದಿ ಮತ್ತೆ ಬರಲಿಲ್ಲ. ಇನ್ನು ಮುಂದೆ ದೀಪ ಹತ್ತಿದರೆ ಪುಸ್ತಕ ನೋಡದೆ ಕಾರನ್ನು ಗ್ಯಾರೇಜಿಗೆ ತಂದುಬಿಡುವ ಕೆಲಸವನ್ನು ಅಕ್ಕನಿಗೇ ಒಪ್ಪಿಸಿದರು.

ಮರುದಿನ ನಾಲ್ಕು ರಸ್ತೆ ಕೂಡುವಲ್ಲಿ ನಾನು ಮೂರು ಸಲ ಎಂಜಿನ್ ಆಫ್ ಮಾಡಿಕೊಂಡೆ. ಹಿಂದೆ ಹಾರನ್ನುಗಳ ಗಲಾಟೆ.

"ಇನ್ನೊಂದ್ಸಲ ಶುರು ಮಾಡಿ," ಎಂದರು ಅಕ್ಕ. "ಎಣಿಸೋಕೆ ಆ ದೀಪ ಇದೆ. ನಾನು ಎಣಿಸಲ್ಲ."

ಈಗ ಅಮ್ಮನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ದಾರಿಯುದ್ದಕ್ಕೂ ಅಕ್ಕನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನಿಜವಾದ ಕೈಗಳು ಸ್ಟಿಯರಿಂಗ್ ಬಿಡಬಾರದೆಂದು ಅವರದೇ ಆಜ್ಞೆ.