ಜಗಳ ಬಾರದ ಚೌಕಾಬಾರ

ಪ್ರತಿ ಸಲ ಒತ್ತುವ ಮೊದಲು ಪಕ್ಕದ ಸೀಟಿನ ಅಜ್ಜಿ ನನ್ನ ಫೋನಿಗೆ ಉಫ್ ಅಂತ ಊದುತ್ತಿದ್ದರು, ಮುಷ್ಟಿಯೊಳಗೆ ಕವಡೆ ಇದ್ದ ಹಾಗೆ. ಶಾಲೆಯಲ್ಲಿದ್ದಾಗಿನಿಂದ ಆಟಗಳ ಪ್ರೋಗ್ರಾಂ ಬರೆಯುತ್ತೇನೆ, ಯಾರಿಗೂ ತೋರಿಸಿದವಳಲ್ಲ. ಮಾನ್ವಿಗೆ ಹೋಗುವ ಬಸ್ಸಿನಲ್ಲಿ, ನಾನೇ ಬರೆದ ಈ ಚೌಕಾಬಾರ ಅವರ ಕಣ್ಣಿಗೆ ಬಿದ್ದುಬಿಟ್ಟಿತ್ತು. ಹಿಡಿಸೀತೋ ಇಲ್ಲವೋ ಅಂತ ಅವರ ಮುಖವನ್ನೇ ನೋಡುತ್ತಿದ್ದೆ.

ಅಜ್ಜಿ ಮೆಲ್ಲಗೆ ಕಾಯಿಯನ್ನು ಒಂದು ಮನೆ ಹೆಚ್ಚಿಗೆ ಸರಿಸಿದರು. ಫೋನು ಅದನ್ನು ಸುಮ್ಮನೆ ಹಿಂದಕ್ಕಿಟ್ಟಿತು.

"ಇದೇನವ್ವಾ, ಬೈಯೂದಿಲ್ಲ, ದೇವರಾಣಿ ಹಾಕೂದಿಲ್ಲ?"

"ತಪ್ಪು ಆಟ ಅದು ತಗೊಳ್ಳಂಗಿಲ್ರಿ."

"ಮತ್ತ ಏನ್ ಮಜಾ ಅದ ಇದರಾಗ? ಮೋಸ ಮಾಡಿದ್ರ ಜಗಳಕ್ಕ ಬರೂ ಹಂಗ ಮಾಡು."

ಅದಕ್ಕೆ ಜಗಳ ಕಲಿಸಬೇಕಾದವಳು ನಾನು. ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ.

ಇಳಿಯುವಾಗ ಅಜ್ಜಿ ಮತ್ತೆ ತಿರುಗಿ ನೋಡಿದರು. "ಮಾಡ್ತೀಯಿಲ್ಲವ್ವಾ?"