ವಾಪಸ್ ಬರಬೇಕಾದ ಮಂಚ

ನಮ್ಮ ಸಂಸ್ಥೆಯ ಉಗ್ರಾಣ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ವಾಪಸಕ್ಕ ಎಂದು ಕರೆಯುತ್ತಾರೆ. ಮೊದಲು ಹಾಗೆ ಕರೆದವನು ನಮ್ಮ ವ್ಯಾನಿನ ಡ್ರೈವರ್. ಅವನು ತಮಾಷೆಗೆ ಇಟ್ಟ ಹೆಸರು ಈಗ ಆಸ್ಪತ್ರೆಯ ದಾದಿಯರ ಬಾಯಲ್ಲೂ ನಿಂತಿದೆ. ಅವಳಿಗೆ ಅದರಿಂದ ಬೇಸರವಿಲ್ಲ. "ಕೊಡೋ ಅಕ್ಕ ಅನ್ನಿಸ್ಕೊಳ್ಳೋಕೆ ಊರು ತುಂಬಾ ಜನ ಇದ್ದಾರೆ. ವಾಪಸ್ ಕೇಳಿ ಕೆಟ್ಟವಳು ಅನ್ನಿಸ್ಕೊಳ್ಳೋಕೂ ಒಬ್ಬಳು ಬೇಕಲ್ಲ" ಎನ್ನುತ್ತಾಳೆ.

ನಮ್ಮದು ಸಣ್ಣ ಸಂಸ್ಥೆ, ನಾನು ಅದರ ಅಧ್ಯಕ್ಷೆ. ಮನೆಯಲ್ಲಿ ಮಲಗಿರುವ ರೋಗಿಗಳಿಗೆ ಬೇಕಾಗುವ ಸಾಮಾನನ್ನು ಎರವಲು ಕೊಡುತ್ತೇವೆ. ಗಾಲಿಕುರ್ಚಿ, ಊರುಗೋಲು, ಗಾಳಿ ಹಾಸಿಗೆ, ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಕಬ್ಬಿಣದ ಮಂಚ, ಇಂಥವು. ಬಾಡಿಗೆ ಇಲ್ಲ. ಹಳೆಯ ಮುದ್ರಣಾಲಯದ ಹಿಂದಿನ ಉದ್ದನೆಯ ಕೊಠಡಿಯೇ ಉಗ್ರಾಣ. ಅಲ್ಲಿ ಇಂದಿಗೂ ಶಾಯಿಯ ವಾಸನೆ ಹೋಗಿಲ್ಲ.

ಅವಳು ಬರುವ ಮೊದಲು ನಾವು ಮುಳುಗುತ್ತಿದ್ದೆವು. ಸಾಮಾನು ಹೋಗುತ್ತಿತ್ತು, ಬರುತ್ತಿರಲಿಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆಗೆ ನಮ್ಮ ಸಮಿತಿಯೇ ಉದಾಹರಣೆ. ಜನ ಕಳ್ಳರು ಎಂದಲ್ಲ. ಸಾವಾದ ಮನೆಗೆ ಹೋಗಿ ಮಂಚ ಕೊಡಿ ಎನ್ನಲು ನಮ್ಮ ಸದಸ್ಯರಿಗೆ ನಾಲಿಗೆ ಏಳುತ್ತಿರಲಿಲ್ಲ. ಮನೆಯವರಿಗೆ ತಾನಾಗಿ ನೆನಪಾಗುತ್ತಿರಲಿಲ್ಲ. ಮಂಚಗಳ ಮೇಲೆ ಟ್ರಂಕುಗಳು ಏರಿ ಕುಳಿತವು. ಒಂದು ಗಾಲಿಕುರ್ಚಿ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ಓಡಾಡುವುದನ್ನು ನಾನೇ ಕಂಡಿದ್ದೇನೆ.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಬಂದವಳು. ಅದು ಮುಚ್ಚಿದ ಮೇಲೆ ಉಗ್ರಾಣ ಗುಡಿಸಲು ಸೇರಿದಳು. ಅಲ್ಲಿ ಸಾಮಾನೇ ಇರಲಿಲ್ಲ, ಗುಡಿಸಲು ಬರೀ ನೆಲ. ಒಂದು ವಾರ ನೋಡಿದಳು. ಆಮೇಲೆ ಡ್ರೈವರನನ್ನು ಎಬ್ಬಿಸಿಕೊಂಡು ಮನೆಮನೆಗೆ ಹೊರಟಳು. ಕೆಲವರು ಕೊಟ್ಟರು, ಕೆಲವರು ಬೈದರು. ಬೈಸಿಕೊಂಡು ಬಂದವಳು ಒಂದು ತೀರ್ಮಾನಕ್ಕೆ ಬಂದಳು. ಸತ್ತ ಮೇಲೆ ಕೇಳಿದರೆ ಕಟುಕತನ, ಕೊಡುವಾಗಲೇ ಹೇಳಿದರೆ ಕರಾರು. ಅಂದಿನಿಂದ ಮಂಚ ಇಳಿಸಿದ ಪ್ರತಿ ಮನೆಯಲ್ಲೂ, ಹಾಸಿಗೆ ಹಾಸಿ ರೋಗಿಯನ್ನು ಮಲಗಿಸಿದ ಮೇಲೆ, ಅವರ ಮುಖ ನೋಡಿಯೇ ಹೇಳುತ್ತಾಳೆ: "ಈ ಮಂಚ ನಮ್ಮದು. ನೀವು ಎದ್ದ ದಿನ ವಾಪಸ್ ಬರಬೇಕು."

ಏಳುವ ಸಾಧ್ಯತೆ ಇದ್ದವರಿಗೂ ಅದೇ ಮಾತು, ಇಲ್ಲದವರಿಗೂ ಅದೇ. ಸಮಿತಿಯ ಒಬ್ಬ ಸದಸ್ಯೆ ಇದನ್ನು ಕ್ರೌರ್ಯ ಎಂದರು. ವಾಪಸಕ್ಕ ಗಾಲಿಕುರ್ಚಿಯ ಚಕ್ರ ಉಜ್ಜುತ್ತಲೇ ಉತ್ತರ ಕೊಟ್ಟಳು: "ಅಮ್ಮಾ, ಮಲಗಿರೋರ ಹತ್ರ ಎಲ್ಲರೂ ಪಿಸುಪಿಸು ಅಂತ ಮಾತಾಡ್ತಾರೆ. ನಾನೊಬ್ಬಳೇ ಗಟ್ಟಿಯಾಗಿ, ನೀವು ಏಳ್ತೀರಿ ಅಂತ ಹೇಳೋದು. ಬೇಡ ಅಂದ್ರೆ ಬಿಡ್ತೀನಿ." ಯಾರೂ ಬೇಡ ಎನ್ನಲಿಲ್ಲ. ಸಾಮಾನು ಬರತೊಡಗಿತು. ಒಂದೇ ಮಂಚ ಹಲವು ಮನೆ ಕಂಡಿತು. ಬಂದದ್ದನ್ನೆಲ್ಲ ಅಂಗಳದಲ್ಲಿ ಸೋಪು ಹಾಕಿ ತೊಳೆದು, ತಿರುಪಿಗೆ ಎಣ್ಣೆ ಬಿಟ್ಟು, ಬಿಸಿಲಿಗೆ ಇಡುತ್ತಾಳೆ. ಹೊಸ ಸಾಮಾನಿಗಿಂತ ಅವಳು ತೊಳೆದ ಸಾಮಾನು ಚೊಕ್ಕಟ. ಇದು ಹೊಗಳಿಕೆಯಲ್ಲ, ನೋಡಿ ಹೇಳುವ ಮಾತು.

ಆ ಮಾತನ್ನು ಅವಳು ಒಂದೇ ಒಂದು ಮನೆಯಲ್ಲಿ ಹೇಳಲಿಲ್ಲ. ಅದು ಅವಳ ಒಡಹುಟ್ಟಿದ ಅಕ್ಕನ ಮನೆ.

ಅಕ್ಕನಿಗೆ ಹೊಟ್ಟೆಯಲ್ಲಿ ಗೆಡ್ಡೆ. ವೈದ್ಯರು ಕೈಬಿಟ್ಟು ಮನೆಗೆ ಕಳಿಸಿದ್ದರು. ವಾಪಸಕ್ಕ ಹಿಡಿಕೆಯ ಮಂಚವನ್ನು ತಾನೇ ಒಯ್ದು ಇಳಿಸಿದಳು, ಅಕ್ಕನನ್ನು ಮಲಗಿಸಿದಳು, ಬೆನ್ನಿನ ಕಡೆ ಎತ್ತರಿಸಿದಳು. ಎಂದಿನ ಮಾತು ಬರಲಿಲ್ಲ. ಬಾಗಿಲ ಹೊರಗೆ ಡ್ರೈವರ್ ಕೇಳಿದ: "ಅಕ್ಕಾ, ಮಂತ್ರ ಹೇಳ್ಲಿಲ್ವಲ್ಲ?"

"ನೀನು ಗಾಡಿ ತೆಗಿ."

ಕೆಲವು ವಾರಗಳಲ್ಲಿ ಅಕ್ಕ ತೀರಿಕೊಂಡಳು. ಮಂಚ ಅಲ್ಲೇ ಉಳಿಯಿತು. ನಮ್ಮಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ. ವಾಪಸಕ್ಕನಿಂದ ವಾಪಸ್ ಕೇಳುವವರು ಯಾರು?

ಆಮೇಲೆ ಒಬ್ಬ ಗಾರೆ ಕೆಲಸದವನು ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಅವನ ಹೆಂಡತಿ ಬೇಕರಿಯಲ್ಲಿ ಬ್ರೆಡ್ಡಿಗೆ ಕಾಗದ ಸುತ್ತುವವಳು. ಒಂದು ಬೆಳಿಗ್ಗೆ ಉಗ್ರಾಣದ ಬಾಗಿಲಲ್ಲಿ ನಿಂತಳು. ಶುಕ್ರವಾರದೊಳಗೆ ಆಸ್ಪತ್ರೆಯ ಹಾಸಿಗೆ ಬಿಡಬೇಕು. ಮನೆಯಲ್ಲಿ ಹಿಡಿಕೆಯ ಮಂಚ ಇದ್ದರೆ ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ದೂರದ ಊರಿನ ಆರೈಕೆ ಕೇಂದ್ರಕ್ಕೆ.

"ಅಲ್ಲಿಗೆ ಹೋದ್ರೆ ನಾನು ನೋಡೋಕೂ ಹೋಗೋಕಾಗಲ್ಲಕ್ಕಾ. ಕೆಲಸ ಬಿಟ್ರೆ ಮಕ್ಕಳಿಗೆ ಊಟ ಇಲ್ಲ. ಅವರು ಆರಡಿ ಆಳು, ನನ್ನ ನೋಡಿ. ಹಿಡಿಕೆ ಇಲ್ದೆ ಅವರನ್ನ ಹೇಗೆ ಕೂರಿಸ್ಲಿ?" ನಿಜವಾಗಿಯೂ ಅವಳು ವಾಪಸಕ್ಕನ ಭುಜಕ್ಕೆ ಬರುತ್ತಿದ್ದಳು.

ಹಿಡಿಕೆಯ ಮಂಚಗಳೆಲ್ಲ ಹೊರಗಿದ್ದವು. ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಒಬ್ಬೊಬ್ಬ ರೋಗಿ. ಹೊಸದು ತರಿಸಲು ಅಂಗಡಿಯವನು ಒಂದು ತಿಂಗಳು ಎಂದ. ರೋಗಿಯಿಲ್ಲದ ಆ ಒಂದು ಮಂಚ ವಾಪಸಕ್ಕನ ಭಾವನ ಮನೆಯಲ್ಲಿ.

"ಗುರುವಾರ ಮಂಚ ಬರುತ್ತೆ, ಹೋಗು" ಎಂದಳು ವಾಪಸಕ್ಕ. ಬರುತ್ತದೆಂದು ಅವಳಿಗೆ ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ಗೊತ್ತಿರಲಿಲ್ಲ.

ಭಾವ ನಿವೃತ್ತ ಕೋರ್ಟ್ ಗುಮಾಸ್ತರು. ವಕೀಲರ ವಾದ ಕೇಳಿ ಕೇಳಿ ತಾವೂ ಅರ್ಧ ವಕೀಲರಾದವರು. ಅಂದೇ ಮಧ್ಯಾಹ್ನ ನಡೆದ ಮಾತುಕತೆಯನ್ನು ಡ್ರೈವರ್ ನನ್ನ ಮುಂದೆ ಅಭಿನಯಿಸಿಯೇ ತೋರಿಸಿದ.

"ಭಾವ, ಮಂಚ ಬೇಕಿತ್ತು."

"ಯಾವ ಮಂಚ?"

"ಅಕ್ಕ ಮಲಗಿದ್ದು. ಅದು ಸಂಸ್ಥೇದು."

"ಹಾಗಂತ ಯಾರು ಹೇಳಿದ್ರು? ಮನೆಮನೆಗೂ ಹೋಗಿ ವಾಪಸ್ ಬರಬೇಕು ಅಂತ ಸಾರ್ತೀಯಂತೆ. ನನ್ನ ಮನೇಲಿ ಹೇಳಿದ್ಯಾ?"

"ಇಲ್ಲ."

"ಷರತ್ತಿಲ್ಲದೆ ಕೊಟ್ಟಿದ್ದು ದಾನ. ವಾದ ಮುಗೀತು."

ಡ್ರೈವರ್ ಬಾಯಿ ಹಾಕಿದ್ದಾನೆ: "ಸ್ವಾಮಿ, ಅಪೀಲಿಗೆ ಅವಕಾಶ ಇದ್ಯಾ?"

"ನೀನು ಹೊರಗೆ ನಿಲ್ಲಪ್ಪ."

ವ್ಯಾನಿನಲ್ಲಿ ಕುಳಿತ ಮೇಲೆ ಡ್ರೈವರ್ ತನ್ನ ಉಪಾಯ ಹೇಳಿದ. "ಅವರು ವಾಕಿಂಗ್ ಹೋದಾಗ ಎತ್ಕೊಂಡು ಬಂದ್ಬಿಡೋಣ ಅಕ್ಕಾ." ಅವಳು ಬೈಯಲು ಬಾಯಿ ತೆರೆದು ಹಾಗೇ ನಿಲ್ಲಿಸಿದಳು. ಭಾವ ವಾಕಿಂಗ್ ಹೋಗುವುದನ್ನು ಇತ್ತೀಚೆಗೆ ಯಾರೂ ಕಂಡಿರಲಿಲ್ಲ. ಬಂದವರನ್ನು ಗೇಟಿನವರೆಗೆ ನಡೆದು ಬಂದು ಕಳಿಸುವ ಮನುಷ್ಯ ಇವತ್ತು ಕುರ್ಚಿಯಿಂದ ಏಳಲೇ ಇಲ್ಲ. ಮಂಚದ ತಲೆಯ ಕಡೆ ಇನ್ನೂ ಮೇಲೆದ್ದೇ ಇತ್ತು, ಹಾಸಿಗೆ ಸುಕ್ಕಾಗಿತ್ತು, ದಿಂಬಿನ ಪಕ್ಕದಲ್ಲಿ ಕನ್ನಡಕವಿತ್ತು.

ನನ್ನ ಬಳಿ ಬಂದು ಕಡ್ಡಿ ಮುರಿದಂತೆ ಹೇಳಿದಳು: "ಮೇಡಂ, ಅವರು ಮಂಚ ಇಟ್ಕೊಂಡಿರೋದು ಅಕ್ಕನ ನೆನಪಿಗಲ್ಲ. ಸತ್ತೋರಿಗೆ ಯಾರಾದ್ರೂ ತಲೆ ಎತ್ತರಿಸಿ ಇಡ್ತಾರಾ? ಅವರೇ ಮಲಗ್ತಿದ್ದಾರೆ. ಮಂಡಿ ಹೋಗಿದೆ. ತಗ್ಗಿನ ಮಂಚದಿಂದ ಏಳೋಕಾಗಲ್ಲ, ಕಂಬಿ ಹಿಡ್ಕೊಂಡು ಏಳ್ತಿದ್ದಾರೆ."

"ಹಾಗಾದರೆ ಅವರೂ ರೋಗಿಯೇ. ಮಂಚ ಅವರಿಗೇ ಇರಲಿ" ಎಂದೆ.

"ಅವರಿಗೆ ಬೇಕಾಗಿರೋದು ಹಿಡಿಕೆ ಅಲ್ಲ ಮೇಡಂ. ಎತ್ತರ, ಒಂದು ಕಂಬಿ. ಅಷ್ಟಕ್ಕೆ ಆ ಮಂಚ ಯಾಕೆ?"

ಅವಳ ಗಂಡ ಬಸ್ ಗ್ಯಾರೇಜಿನಲ್ಲಿ ಬೆಸುಗೆ ಹಾಕುವವನು. ಒಂದು ತಗ್ಗಿನ ಮಂಚದ ಕಾಲಿನ ಕೆಳಗಿಡಲು ನಾಲ್ಕು ಮರದ ದಿಮ್ಮಿ, ಪಕ್ಕಕ್ಕೆ ಬಿಗಿಯಲು ಬಗ್ಗಿಸಿದ ಕಬ್ಬಿಣದ ಕಂಬಿ ಬೇಕೆಂದು ಅವನಿಗೆ ಹೇಳಿದಳು.

"ಯಾರ ಅಳತೆ?"

"ನಿಮ್ಮ ಷಡ್ಡಕನ ಅಳತೆ."

"ಮಂಡಿ ಅಳತೆನಾ, ತಲೆ ಅಳತೆನಾ? ತಲೆ ಅಳತೆ ಆದ್ರೆ ನಮ್ಮ ಗ್ಯಾರೇಜಿನ ಕಬ್ಬಿಣ ಸಾಲಲ್ಲ."

ಮರುದಿನ ಅವಳ ಜೊತೆ ನಾನೂ ಹೋದೆ. ಸಂಸ್ಥೆಯ ಅಧ್ಯಕ್ಷೆ ಬಂದರೆ ಗುಮಾಸ್ತರು ಸ್ವಲ್ಪ ಮರ್ಯಾದೆಯಿಂದ ವಾದಿಸಬಹುದೆಂದು ಅವಳ ಲೆಕ್ಕ. ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಹಿಂದಿನದರಲ್ಲಿ ಗಂಡಹೆಂಡತಿಯ ಹಳೆಯ ಮರದ ಮಂಚ. ಅದರ ಮೇಲೆ ಮಡಿಸದ ಬಟ್ಟೆಯ ರಾಶಿ. ಭಾವ ಕುರ್ಚಿಯಲ್ಲಿ ಕೂತಿದ್ದರು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಚೊಕ್ಕ ಕ್ಷೌರ.

"ಭಾವ, ಎದ್ದು ನಿಂತ್ಕೊಳ್ಳಿ" ಎಂದಳು.

"ಯಾಕೆ?"

"ನಿಂತ್ಕೊಳ್ಳಿ. ಆಮೇಲೆ ನಾನು ಮಂಚದ ಮಾತೇ ಎತ್ತಲ್ಲ."

ಅವರು ಕುರ್ಚಿಯ ಕೈ ಹಿಡಿದರು. ಅರ್ಧ ಎದ್ದರು. ಮುಖ ಕೆಂಪಾಯಿತು. ಮತ್ತೆ ಕೂತರು. ನಾನು ಕಿಟಕಿಯ ಕಡೆ ನೋಡಿದೆ. ವಾಪಸಕ್ಕ ಹಾಗೆ ಮಾಡಲಿಲ್ಲ, ಅವರನ್ನೇ ನೋಡುತ್ತ ನಿಂತಳು.

"ಒಂದಿನ ಆ ಮಂಚದಿಂದ ಏಳೋಕೆ ಹೋಗಿ ಬಿದ್ದೆ" ಎಂದರು ಹಿಂದಿನ ಕೋಣೆಯತ್ತ ಕೈ ತೋರಿಸಿ. "ಪಕ್ಕದ ಮನೆಯವರು ಹಾಲು ಕೊಡೋಕೆ ಬರೋವರೆಗೂ ನೆಲದ ಮೇಲೇ ಇದ್ದೆ."

"ನನಗೆ ಹೇಳೋಕೇನಾಗಿತ್ತು?"

"ನೀನು ಮಂಚ ಇಳಿಸಿದ್ರೆ ಬೀದಿಯವರೆಲ್ಲ ಏನಂತಾರೆ? ಇವನ ಸರದಿ ಬಂತು ಅಂತಾರೆ. ಹೆಂಡತೀನ ಕಳ್ಕೊಂಡು ತಲೆಕೆಟ್ಟ ಮುದುಕ ಅಂದ್ರೆ ಪರವಾಗಿಲ್ಲ. ಸಾಯೋ ಮುದುಕ ಅನ್ನಿಸ್ಕೊಳ್ಳಲ್ಲ."

"ವಾದ ಚೆನ್ನಾಗಿದೆ. ಅಲ್ಲಿ ಒಬ್ಬ ಗಾರೆಯವನು ಹೆಂಡತಿ ಮಕ್ಕಳನ್ನ ಬಿಟ್ಟು ದೂರದೂರಿಗೆ ಹೋಗ್ತಾನೆ, ನಿಮ್ಮ ವಾದಕ್ಕೋಸ್ಕರ."

 ಆಗ ಭಾವ ಹೇಳಿದ ಮಾತನ್ನು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದರೆಂದು ಕಾಣುತ್ತದೆ.

"ನೀನು ಮಂಚ ತಂದ ದಿನ ನಿನ್ನ ಅಕ್ಕ ಕಾಯ್ತಾ ಇದ್ದಳು ಕಣಮ್ಮ. ಎಲ್ಲರಿಗೂ ಹೇಳೋ ಮಾತನ್ನ ತನಗೂ ಹೇಳ್ತಾಳೆ ಅಂತ. ನೀನು ದಿಂಬು ಸರಿಮಾಡಿ ಹೊರಟುಹೋದೆ. ಆಮೇಲೆ ನನ್ನ ಹತ್ರ ಅಂದ್ಲು, 'ಅವಳು ಹೇಳಲಿಲ್ಲ ಅಂದ್ರೆ ನಾನು ಏಳಲ್ಲ ಅಂತ ಅರ್ಥ ರೀ.'"

 ವಾಪಸಕ್ಕ ಅಳಲಿಲ್ಲ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬಂದಿದ್ದರೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಅವಳು ಹಿಂದಿನ ಕೋಣೆಗೆ ಹೋಗಿ ಬಟ್ಟೆಯ ರಾಶಿ ಮಡಿಸಿಟ್ಟಳು. ಡ್ರೈವರ್ ಮಂಚದ ಒಂದೊಂದೇ ಮೂಲೆ ಎತ್ತಿದ, ಅವಳು ಕಾಲಿನ ಕೆಳಗೆ ದಿಮ್ಮಿ ತಳ್ಳಿದಳು. ಕಂಬಿಯನ್ನು ಬಿಗಿದಳು, ತನ್ನ ಪೂರ್ತಿ ಭಾರ ಹಾಕಿ ಜೋತು ನೋಡಿದಳು, ಮತ್ತೆ ಬಿಗಿದಳು. ಅಷ್ಟು ಬಿಗಿಯುವ ಅಗತ್ಯವಿರಲಿಲ್ಲ.

ಆಮೇಲೆ ಭಾವನನ್ನು ನಡೆಸಿಕೊಂಡು ಹೋಗಿ ಕೂರಿಸಿದಳು. ಅವರು ಕಂಬಿ ಹಿಡಿದರು, ಎದ್ದು ನಿಂತರು. ಕೂತರು. ಯಾರೂ ಹೇಳದೆಯೇ ಇನ್ನೊಮ್ಮೆ ಎದ್ದರು.

"ಇದು ಮರದ ಮಂಚ, ನಿಮ್ಮದೇ. ಬೀದಿಯವರು ಏನೂ ಅನ್ನಲ್ಲ" ಎಂದಳು. "ಮಂಡಿ ಡಾಕ್ಟ್ರ ಹತ್ರ ಸೋಮವಾರ ನಾನು ಕರ್ಕೊಂಡು ಹೋಗ್ತೀನಿ. ಈಗ ಕೇಳಿ ಭಾವ. ಅವತ್ತು ಅಕ್ಕನಿಗೆ ಹೇಳಲಿಲ್ಲ. ಅದು ನನ್ನ ತಪ್ಪು. ಇವತ್ತು ನಿಮಗೆ ಹೇಳ್ತೀನಿ. ಈ ದಿಮ್ಮಿ, ಈ ಕಂಬಿ ನಮ್ಮದು. ನೀವು ನೆಟ್ಟಗೆ ನಡೆದಾಡೋ ದಿನ ವಾಪಸ್ ಬರಬೇಕು."

ಗುಮಾಸ್ತರು ಕಂಬಿಯ ಮೇಲೆ ಕೈಯಿಟ್ಟರು. "ದಾಖಲಾಯಿತು" ಎಂದರು. ಆಮೇಲೆ ಡ್ರೈವರನಿಗೆ, "ಏನು ನೋಡ್ತಾ ನಿಂತಿದ್ದೀಯ? ಮುಂದಿನ ಕೋಣೆ ಮಂಚ ಎತ್ತು. ಬಾಗಿಲಿಗೆ ತಾಗಿಸ್ಬೇಡ, ಬಣ್ಣ ಹೋಗುತ್ತೆ."

ಗುರುವಾರ ಮಂಚ ಗಾರೆಯವನ ಮನೆ ಸೇರಿತು, ಶುಕ್ರವಾರ ಗಾರೆಯವನು. ಅವನ ಕಾಲು ಮಂಚದಾಚೆ ಒಂದು ಗೇಣು ಚಾಚಿತ್ತು. ಹೆಂಡತಿ ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸಿ ಅವನನ್ನು ಕೂರಿಸಿದಳು, ಕೂರಿಸಿ ತಾನೇ ನಕ್ಕಳು. ವಾಪಸಕ್ಕ ದಿಂಬು ಸರಿಮಾಡಿ ಅವನ ಮುಖ ನೋಡಿದಳು.

"ಈ ಮಂಚ ನಮ್ಮದು. ನೀನು ಎದ್ದ ದಿನ ವಾಪಸ್ ಬರಬೇಕು."

"ತಲೆ ಮೇಲೆ ಹೊತ್ಕೊಂಡು ಬಂದು ಕೊಡ್ತೀನಕ್ಕಾ."

"ಹೊರೋದು ಬೇಡ. ನಡ್ಕೊಂಡು ಬಾ, ಸಾಕು."

ನಾನು ವ್ಯಾನಿನಲ್ಲಿ ಅವಳನ್ನು ಕೇಳಿದೆ, ಇನ್ನು ಮುಂದೆ ಸ್ವಂತದವರ ಮನೆಗೆ ಬೇರೆ ಯಾರನ್ನಾದರೂ ಕಳಿಸೋಣವೇ ಎಂದು. "ಬೇಡ ಮೇಡಂ" ಎಂದಳು. "ನಾಳೆ ನೀವು ಮಲಗಿದ್ರೂ ನಾನೇ ಬಂದು ಹೇಳ್ತೀನಿ." ಹೇಳುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅದರಿಂದ ನನಗೆ ಧೈರ್ಯವೇ ಇದೆ.

ಭಾವ ಈಗ ಕೋಲು ಹಿಡಿದು ಗೇಟಿನವರೆಗೆ ಬರುತ್ತಾರೆ. ದಿಮ್ಮಿ, ಕಂಬಿ ಇನ್ನೂ ಬಂದಿಲ್ಲ. ಕೇಳಿದರೆ ಪ್ರಕರಣ ವಿಚಾರಣೆಯಲ್ಲಿದೆ ಎನ್ನುತ್ತಾರೆ. ಹಿಡಿಕೆಯ ಮಂಚ ಮಾತ್ರ ಮರುವರ್ಷ ಉಗ್ರಾಣಕ್ಕೆ ಬಂತು. ಗಾರೆಯವನು ಅದನ್ನು ಹೊತ್ತು ತರಲಿಲ್ಲ. ವ್ಯಾನಿನ ಹಿಂದೆ, ಎರಡು ಊರುಗೋಲು ಊರಿಕೊಂಡು, ಬೀದಿಯ ಕೊನೆಯಿಂದ ನಡೆದುಬಂದ. ವಾಪಸಕ್ಕ ಮಂಚ ಇಳಿಸಿಕೊಂಡಳು, ಹಿಡಿಕೆ ತಿರುಗಿಸಿ ನೋಡಿದಳು, ಒಂದು ಬಕೆಟ್ ನೀರು ತಂದಳು. ಆಮೇಲೆ ಅವನ ಕಂಕುಳ ಕಡೆ ಬೆರಳು ತೋರಿಸಿದಳು.

"ಆ ಊರುಗೋಲೂ ನಮ್ಮದೇ, ನೆನಪಿದೆಯಲ್ಲ?"